ಅಕ್ಕನ ತೊಟ್ಟಿಗೆ ಎಳೆದ ವೈರು

ಅಕ್ಕನ ಕಾಲಿಗೆ ಜೀವ ಬಂತು ಅಂತ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದವನು ನಾನೇ. ಈ ವಾರದ ಅಂಕಣ ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದಕ್ಕೆ.

ವಾಪಸ್ ತೆಗೆದುಕೊಳ್ಳಲು ಒಂದು ಸಾಲು ಸಾಲದೇ? ಸಾಲದು. ಹೇಳಿದವನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ವರ್ಷ ವರ್ಷವೂ ಹತ್ತನೇ ಕ್ಲಾಸಿಗೆ ವಿದ್ಯುತ್ತಿನ ಪಾಠ ಮಾಡುವವನು. ಫ್ಯೂಸ್ ಯಾಕೆ ಬೇಕು, ಅರ್ತ್ ವೈರ್ ಯಾಕೆ ಬೇಕು ಅಂತ ಬೋರ್ಡಿನ ಮೇಲೆ ಚಿತ್ರ ಬರೆದು, ಅದನ್ನೇ ಪರೀಕ್ಷೆಗೂ ಕೊಟ್ಟು, ಸರಿಯಾಗಿ ಬರೆಯದವರಿಗೆ ಮಾರ್ಕ್ಸ್ ಕತ್ತರಿಸಿದವನು. ಅಂಥವನು ಮಾಡಿದ ಕೆಲಸ ಇದು. ಪೂರ್ತಿ ಹೇಳಬೇಕು. (ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಏನು ಬೇಕಾದರೂ ಬರಿ, ವಯಸ್ಸು ಮಾತ್ರ ಬರೆಯಬೇಡ ಅಂದಿದ್ದಾಳೆ.)

ನನ್ನ ಅಕ್ಕ ಗೌರಮ್ಮ ಇರುವುದು ಅಜ್ಜೀಪುರದಲ್ಲಿ. ಗಂಡ, ಮಗ, ಸೊಸೆ, ಎರಡು ಹಸು, ರಾಗಿ ಹೊಲ, ಪಂಪ್‌ಸೆಟ್ಟಿನ ನೀರಿಗೆ ಒಂದಿಷ್ಟು ಅರಿಸಿನ. ಗೌರಿ ಹಬ್ಬಕ್ಕೆ ಬಳೆ ತರಲು ಹನೂರಿಗೆ ಹೋದವಳು ಬಸ್ಸಿನಿಂದ ಇಳಿಯುತ್ತಿದ್ದಾಗ, ಕೊನೆಯ ಮೆಟ್ಟಿಲಲ್ಲಿ ಕಾಲಿರುವಾಗಲೇ ಬಸ್ಸು ಮುಂದಕ್ಕೆ ಹೋಯಿತು. ಬಿದ್ದಳು. ಎಡಗಡೆ ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಒಳಗೆ ಪ್ಲೇಟ್ ಕೂರಿಸಿದರು.

ಗಾಯ ಒಣಗಿತು. ಕಾಲು ಮಾತ್ರ ಮಾತು ಕೇಳಲಿಲ್ಲ. ಎಡಪಾದ ಮರಗಟ್ಟಿದ ಹಾಗಿದೆ, ನೆಲಕ್ಕೆ ಊರಿದರೂ ಊರಿದ್ದು ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು. ನೋಡಿದ ಡಾಕ್ಟರು ಒಂದು ಸಲಹೆ ಕೊಟ್ಟರು. ದೊಡ್ಡ ತೊಟ್ಟಿಯಲ್ಲಿ ಸೊಂಟದವರೆಗೆ ಬಿಸಿನೀರು ತುಂಬಿಸಿ, ಅದರಲ್ಲಿ ಕೂತು ಕಾಲನ್ನು ಮಡಚಿ ಚಾಚಿ ಮಾಡಬೇಕು. ದಿನಾ ಅರ್ಧ ಗಂಟೆ. ನೀರಿನಲ್ಲಿ ಕಾಲಿನ ಭಾರ ಕಡಿಮೆಯಾಗುತ್ತದೆ, ನೋವಿಲ್ಲದೆ ಆಡಿಸಬಹುದು.

ಅಜ್ಜೀಪುರದಿಂದ ಆಸ್ಪತ್ರೆಗೆ ಓಡಾಡುವುದು ಕಷ್ಟ ಅಂತ ಅಕ್ಕನನ್ನು ಕೊಳ್ಳೇಗಾಲದ ನಮ್ಮ ಮನೆಗೇ ಕರೆತಂದೆ.

ತೊಟ್ಟಿ ಎಲ್ಲಿಂದ ತರುವುದು? ಸಿನಿಮಾದಲ್ಲಿ ತೋರಿಸುವ ಬಿಳಿ ಬಾತ್ ಟಬ್ ನಮ್ಮ ಕೊಳ್ಳೇಗಾಲದಲ್ಲಿ ಯಾರ ಮನೆಯಲ್ಲಿದೆಯೋ ನನಗಂತೂ ಗೊತ್ತಿಲ್ಲ. ಆದರೆ ರೇಷ್ಮೆಯ ಊರಲ್ಲವೇ? ನೂಲಿಗೆ ಬಣ್ಣ ಹಾಕುವ ಪರಿಚಯದವರೊಬ್ಬರು ಹಳೆಯ ಫೈಬರ್ ತೊಟ್ಟಿಯೊಂದನ್ನು ಮೂಲೆಗೆ ಹಾಕಿದ್ದರು. ಕೇಳಿದ ತಕ್ಷಣ ಕೊಟ್ಟರು. ಎಷ್ಟು ತಿಕ್ಕಿದರೂ ತಳದ ನೇರಳೆ ಬಣ್ಣ ಹೋಗಲಿಲ್ಲ. ಇದರಲ್ಲಿ ಕೂತು ಎದ್ದರೆ ನಾನೂ ಸೀರೆ ಬಣ್ಣಕ್ಕೆ ತಿರುಗುತ್ತೇನೆ ಅಂತ ಅಕ್ಕ ನಕ್ಕಳು. ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ನನ್ನ ಹೆಂಡತಿ ನಾಗರತ್ನ ಮೊದಲ ನಾಲ್ಕು ದಿನ ಗ್ಯಾಸ್ ಒಲೆಯ ಮೇಲೆ ಪಾತ್ರೆ ಪಾತ್ರೆ ನೀರು ಕಾಯಿಸಿ ಹೊತ್ತಳು. ಕೊನೆಯ ಪಾತ್ರೆ ಸುರಿಯುವ ಹೊತ್ತಿಗೆ ಮೊದಲನೆಯದು ತಣ್ಣಗೆ. ಡಿಸೆಂಬರಿನ ಚಳಿ ಬೇರೆ. ಸೌದೆ ಒಲೆ, ಹಂಡೆ ಇದ್ದ ಹಳೆಯ ಬಚ್ಚಲನ್ನು ಹೊಗೆ ಅಂತ ನಾನೇ ಒಡೆಸಿ, ನೆಲಕ್ಕೆ ಮೊಸಾಯಿಕ್ ಹಾಕಿಸಿದ್ದೆ.

ಆಗ ನನಗೆ ಒಂದು ಉಪಾಯ ಹೊಳೆಯಿತು. ನೀರು ಕಾಯಿಸುವ ರಾಡು! ಒಂದೂವರೆ ಸಾವಿರ ವ್ಯಾಟ್. ಬಕೆಟ್ಟಿಗೆ ಹಾಕುವುದನ್ನೇ ತೊಟ್ಟಿಗೆ ಹಾಕಿದರಾಯಿತು.

ಬಚ್ಚಲಲ್ಲಿ ಪ್ಲಗ್ ಇರಲಿಲ್ಲ. ಇದ್ದದ್ದು ನಡುಮನೆಯಲ್ಲಿ, ಟಿ.ವಿ. ಹತ್ತಿರ. ಅಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದೆ. ಗಣೇಶನನ್ನು ಕೂರಿಸಿದಾಗ ಸೀರಿಯಲ್ ಲೈಟಿಗೆ ಅಂತ ತಂದ ಬಾಕ್ಸು. ತೆಳ್ಳನೆಯ ವೈರು, ಒಳಗೆ ಎರಡೇ ಎಳೆ. ರಾಡಿನ ಪ್ಲಗ್ಗಿಗೆ ಮೂರು ಪಿನ್, ಬಾಕ್ಸಿಗೆ ಎರಡೇ ತೂತು. ಏನು ಮಾಡಿದೆ? ಮೇಲಿನ ದಪ್ಪ ಪಿನ್ನನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಹಾಕಿದೆ.

ಆ ದಪ್ಪ ಪಿನ್ನೇ ಅರ್ತ್. ಅದು ಯಾಕಿದೆ ಅಂತ ವಿವರಿಸಿ ಎನ್ನುವುದು ನನ್ನ ಖಾಯಂ ಪ್ರಶ್ನೆ.

ಮಾರನೆಯ ದಿನ ಫ್ಯೂಸ್ ಹೋಯಿತು. ಹೋಗಲೇಬೇಕಲ್ಲ? ಸಣ್ಣ ಎಳೆ ತೆಗೆದು ದಪ್ಪದ್ದು ಹಾಕಿದೆ. ಆಮೇಲೆ ಹೋಗಲಿಲ್ಲ. ಕಾಲಿಗೆ ತೊಡರದಿರಲಿ ಅಂತ ಉಳಿದ ವೈರನ್ನು ಸುತ್ತಿ ಕಾಲೊರಸುವ ಚಾಪೆಯ ಕೆಳಗೆ ತಳ್ಳಿದೆ. ಕೂತ ಮೇಲೂ ನೀರು ಬೆಚ್ಚಗೇ ಇರಲಿ ಅಂತ ರಾಡನ್ನು ತೊಟ್ಟಿಯ ಒಂದು ತುದಿಯಲ್ಲಿ ಇಳಿಬಿಟ್ಟು, ಅಕ್ಕನ ಕಾಲಿಗೆ ತಾಗದಂತೆ ಮಧ್ಯೆ ಒಂದು ಹಲಗೆ ನಿಲ್ಲಿಸಿದೆ. ಎಷ್ಟೊಂದು ಮುಂಜಾಗ್ರತೆ ನೋಡಿ! ಸುಡಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು.

ಸೀರೆ ಉಟ್ಟುಕೊಂಡೇ ಅಕ್ಕ ತೊಟ್ಟಿಗೆ ಇಳಿದಳು. ಗೋಡೆಯ ಪಕ್ಕದ ಕಬ್ಬಿಣದ ನಲ್ಲಿ ಪೈಪು ಹಿಡಿದು ಕಾಲು ಮಡಚಿದಳು, ಚಾಚಿದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು. ಬಾಗಿಲ ಹತ್ತಿರ ಹೋದೆ.

"ಏನೋ ಜುಮ್ ಅಂತದೆ ಕಣ್ಲಾ," ಅಂದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ! ಮರಗಟ್ಟಿದ ಕಾಲು ಜುಮ್ ಅನ್ನುತ್ತಿದೆ. ನರಗಳು ಎಚ್ಚರವಾಗುತ್ತಿವೆ ಅಕ್ಕ, ಬಿಸಿನೀರಿಗೆ ರಕ್ತ ಓಡುತ್ತಿದೆ, ಹೆದರಬೇಡ ಅಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು.

ಹೀಗೆ ಹತ್ತು ದಿನ ನಡೆಯಿತು.

ಅಕ್ಕ ನಿಜವಾಗಿಯೂ ಚೇತರಿಸಿಕೊಂಡಳು. ಗೋಡೆ ಹಿಡಿದು ನಡುಮನೆಯಿಂದ ಅಡುಗೆಮನೆಗೆ ಬರುವಂತಾದಳು. ದಿನಾ ಅರ್ಧ ಗಂಟೆ ಕಾಲು ಆಡಿಸಿದರೆ ಯಾರಾದರೂ ಚೇತರಿಸಿಕೊಳ್ಳುತ್ತಾರೆ. ಆದರೆ ನಾವು ಹೇಳಿಕೊಂಡದ್ದು ವ್ಯಾಯಾಮದ ಬಗ್ಗೆಯಲ್ಲ, ಜುಮ್ ಅನ್ನುವುದರ ಬಗ್ಗೆ. ಸ್ಟಾಫ್ ರೂಮಿನಲ್ಲಿ ಹೇಳಿದೆ. ಹಾಲಿನ ಡೈರಿ ಮುಂದೆ ಹೇಳಿದೆ. ಮಂಡಿನೋವಿನ ಹೆಂಗಸರು ಯಾವ ಬೀದಿಯಲ್ಲಿಲ್ಲ? ಯಳಂದೂರಿನಿಂದ ನಾದಿನಿ ಫೋನ್ ಮಾಡಿ, ತನ್ನ ಅತ್ತೆಯನ್ನೂ ಒಂದು ವಾರ ಕಳಿಸಲೇ ಅಂತ ಕೇಳಿದಳು. ಕಳಿಸು ಅಂದೆ.

ಮೊದಲು ಬಂದವರು ಎದುರುಮನೆಯ ಮಾದೇವಮ್ಮ. ಅವರ ಗಂಡ ರಾಚಪ್ಪ ಬಸ್‌ಸ್ಟ್ಯಾಂಡ್ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟ ಪಂಪ್‌ಸೆಟ್ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತುವುದು ಅವರ ಕಸುಬು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಮಾತು ಕಡಿಮೆ. ಹೆಂಡತಿಯ ಕಾಟ ತಡೆಯಲಾರದೆ ಭಾನುವಾರ ಬೆಳಿಗ್ಗೆ ಅವರನ್ನು ಕೈಹಿಡಿದು ಕರೆತಂದರು.

ಅಕ್ಕ ಆಗ ತೊಟ್ಟಿಯಲ್ಲಿದ್ದಳು. ಅವಳದ್ದಾದ ಮೇಲೆ ಮಾದೇವಮ್ಮನ ಸರದಿ. ಬಚ್ಚಲ ಬಾಗಿಲು ಅರ್ಧ ಮುಚ್ಚಿತ್ತು. ರಾಚಪ್ಪ ಹೊರಗೆ ಗೋಡೆಗೆ ಒರಗಿ ನಿಂತು ನನ್ನ ವಿವರಣೆಯನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕೇಳಿದರು.

"ಅಕ್ಕಾರೇ, ಜುಮ್ ಅನ್ನೋದು ಒಂದೇ ಕಾಲ್ಗಾ?"

"ಎರಡ್ಕೂವೆ. ಕೈಗೂ ಅಂತದೆ," ಅಂದಳು ಅಕ್ಕ ಒಳಗಿನಿಂದ.

"ಕೈಗೆ ಯಾವಾಗ?"

"ಪೈಪ್ ಇಡ್ಕಂಡಾಗ. ಬುಟ್ರೆ ಇಲ್ಲ."

ರಾಚಪ್ಪ ಕೆಳಗೆ ನೋಡಿದರು. ಹೊಸ್ತಿಲು ದಾಟಿ ಒಳಗೆ ಹೋಗಿದ್ದ ವೈರನ್ನು ನೋಡಿದರು. ಬಗ್ಗಿ ಅದರ ಮೇಲೆ ಕೈ ಇಟ್ಟರು. ಚಾಪೆಯ ತುದಿ ಎತ್ತಿದರು. ಸುತ್ತಿಟ್ಟ ವೈರು ಬಿಸಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು.

"ಅಕ್ಕಾರೇ, ಪೈಪ್ ಬುಡಿ. ಎರಡೂ ಕೈ ಮಡ್ಲಲ್ಲಿ ಮಡೀಕಂಡು ಸುಮ್ಗೆ ಕೂತ್ಗಳಿ. ನಾನು ಯೋಳಗಂಟ ಏಳ್ಬ್ಯಾಡಿ," ಅಂದರು. ದನಿ ಏರಿಸಲಿಲ್ಲ. ಹಾಗೆಯೇ ನಡುಮನೆಗೆ ಹೋಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತರು. ಪ್ಲಗ್ಗಿನ ಬುಡ ಕಪ್ಪಾಗಿತ್ತು. ಬಾಕ್ಸಿನಲ್ಲಿದ್ದ ರಾಡಿನ ಪ್ಲಗ್ಗನ್ನೂ ಕಿತ್ತು, ಕೊಯ್ದ ಪಿನ್ನಿನ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ನನ್ನ ಮುಖ ನೋಡಿದರು. ನಾಗರತ್ನಳಿಗೆ, ಈಗ ಅಕ್ಕನನ್ನು ಎಬ್ಬಿಸಿ ಕರೆತನ್ನಿ ಅಂದರು. ತಮ್ಮ ಹೆಂಡತಿಗೆ ಮನೆಗೆ ಹೋಗು ಅಂದರು. ಮಾದೇವಮ್ಮ ಗೊಣಗಿಕೊಂಡು ಹೋದರು.

ಬಚ್ಚಲು ಖಾಲಿಯಾದ ಮೇಲೆ ರಾಚಪ್ಪ ಚಪ್ಪಲಿ ಮೆಟ್ಟಿಕೊಂಡು, ಒಂದೇ ಒಂದು ಸಲ ಕರೆಂಟು ಕೊಟ್ಟು, ಟೆಸ್ಟರ್ ತುದಿಯನ್ನು ತೊಟ್ಟಿಯ ನೀರಿಗೆ ತಾಗಿಸಿ ತೋರಿಸಿದರು. ಟೆಸ್ಟರಿನೊಳಗಿನ ಪುಟ್ಟ ದೀಪ ಕೆಂಪಗೆ ಹತ್ತಿತು.

ನೀರಿಗೆ ಕರೆಂಟು ಇಳಿದಿತ್ತು.

ಅಲ್ಲೇ ಬಕೆಟ್ ಬೋರಲು ಹಾಕಿ ಕೂತೆ.

ರಾಚಪ್ಪ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ರಾಡಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕರೆಂಟು ನೀರಿಗೆ ಸೋರುತ್ತಿತ್ತು. ಅರ್ತ್ ಪಿನ್ ಇದ್ದು, ಮನೆಗೆ ಸರಿಯಾದ ಅರ್ತ್ ಇದ್ದಿದ್ದರೆ ಅದು ಆ ದಾರಿ ಹಿಡಿದು ಭೂಮಿಗೆ ಹೋಗುತ್ತಿತ್ತು. ಆ ದಾರಿಯನ್ನು ನಾನು ಕೊಯ್ದು ಹಾಕಿದ್ದೆ. ಫೈಬರ್ ತೊಟ್ಟಿಯಿಂದ ಕರೆಂಟಿಗೆ ಹೊರಗೆ ಹೋಗಲು ಬೇರೆ ದಾರಿಯಿಲ್ಲ. ಅಕ್ಕ ನಲ್ಲಿ ಪೈಪು ಹಿಡಿದ ಕೂಡಲೇ ಅವಳ ಮೈಯೇ ದಾರಿ. ನನಗೂ ನಾಗರತ್ನಳಿಗೂ ಯಾಕೆ ಗೊತ್ತಾಗಲಿಲ್ಲ? ಬಿಸಿ ನೋಡಲು ನಾವೂ ದಿನಾ ಕೈ ಅದ್ದುತ್ತಿದ್ದೆವಲ್ಲ? ನಮ್ಮಿಬ್ಬರ ಕಾಲಲ್ಲೂ ರಬ್ಬರ್ ಚಪ್ಪಲಿ.

"ಇವತ್ತು ಜುಮ್ ಅಂತದೆ ಸಾ. ಬಿರುಕು ಇನ್ನೊಂಚೂರು ಬುಟ್ರೆ ಇಡ್ಕಂಡ ಕೈ ಬುಡಾಕೆ ಆಯ್ತಿರನಿಲ್ಲ," ಅಂದರು ರಾಚಪ್ಪ. "ಎಕ್ಸ್‌ಟೆನ್ಷನ್ ಬಾಕ್ಸು ರೇಡಿಯೋಗೆ, ದೀಪ್ದ ಸರಕ್ಕೆ. ಬಚ್ಚಲ್ಗಲ್ಲ."

ಅಂದೇ ಯಳಂದೂರಿಗೆ ಫೋನ್ ಮಾಡಿ ಅತ್ತೆಯನ್ನು ಕಳಿಸಬೇಡ ಅಂದೆ.

ಮುಂದಿನ ಆರು ದಿನ ರಾಚಪ್ಪ ಅಂಗಡಿ ಮುಚ್ಚಿದ ಮೇಲೆ ಸಂಜೆ ಸಂಜೆ ಬಂದು ಕೆಲಸ ಮಾಡಿದರು. ಹಿತ್ತಲಲ್ಲಿ ಆಳುದ್ದ ಗುಂಡಿ ತೋಡಿಸಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ ಅರ್ತ್ ಮಾಡಿದರು. ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ವೈರು ಎಳೆದು, ಬಚ್ಚಲ ಹೊರಗಿನ ಗೋಡೆಯ ಮೇಲೆ, ನೀರು ಎರಚದಷ್ಟು ಎತ್ತರದಲ್ಲಿ, ಹದಿನೈದು ಆಂಪಿಯರಿನ ಪವರ್ ಪ್ಲಗ್ ಕೂರಿಸಿದರು. ನನ್ನ ದಪ್ಪ ಫ್ಯೂಸನ್ನು ಕಿತ್ತೆಸೆದರು. ಕರೆಂಟು ದಾರಿ ತಪ್ಪಿ ನೆಲಕ್ಕೆ ಇಳಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕತ್ತರಿಸುವ ಒಂದು ಟ್ರಿಪ್ ಸ್ವಿಚ್ಚು ಇದೆಯಂತೆ. ನಮ್ಮೂರಿನಲ್ಲಿ ಸಿಗದೆ ಮೈಸೂರಿನಿಂದ ತರಿಸಿದರು. ರಾಡು ಹೊಸದು.

ಇಷ್ಟೆಲ್ಲ ಆದ ಮೇಲೂ ಒಂದು ನಿಯಮ ಹಾಕಿದರು. ನೀರು ಮೊದಲೇ ಕಾಯಿಸಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ರಾಡನ್ನು ಎತ್ತಿ ಹೊರಗಿಟ್ಟ ಮೇಲೆಯೇ ಮನುಷ್ಯರು ನೀರಿಗೆ ಇಳಿಯಬೇಕು. ನೀರು ಆರಿದರೆ? ಆರಲಿ. ಒಲೆಯ ಮೇಲಿಂದ ಒಂದು ಪಾತ್ರೆ ಬಿಸಿನೀರು ಸುರಿಯಿರಿ. ಒಳಗೆ ಜನ ಕೂತಿರುವಾಗ ರಾಡು ಇಳಿಸುವ ಮಾತೇ ಇಲ್ಲ.

ಇದು ವೈರಿನ ಕತೆಯಾಯಿತು. ಅಕ್ಕನ ಕತೆ ಇನ್ನೂ ಇದೆ.

ಅಕ್ಕನಿಗೆ ನಾನು ನಿಜ ಹೇಳಿರಲಿಲ್ಲ. ವೈರು ಹಳೆಯದಾಗಿತ್ತು, ಬದಲಾಯಿಸುತ್ತಿದ್ದೇವೆ ಅಂದಿದ್ದೆ ಅಷ್ಟೆ. ಯಾಕೆ? ನಾಚಿಕೆ ಒಂದು. ಇನ್ನೊಂದು ಕಾರಣವೂ ಇತ್ತು. ಅವಳ ಮೈದುನ ಮಲ್ಲೇಶ ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಸತ್ತವನು. ಬುತ್ತಿ ತೆಗೆದುಕೊಂಡು ಹೋಗಿ ಅವನನ್ನು ಮೊದಲು ನೋಡಿದವಳು ಅಕ್ಕನೇ. ಅಂದಿನಿಂದ ಅವಳು ಯಾವ ಸ್ವಿಚ್ಚನ್ನೂ ಮುಟ್ಟಿದವಳಲ್ಲ. ದೀಪ ಹಾಕಲೂ ಮನೆಯವರನ್ನು ಕೂಗುತ್ತಾಳೆ. ಅಂಥವಳಿಗೆ, ಹತ್ತು ದಿನ ನಿನ್ನನ್ನು ಕರೆಂಟಿನಲ್ಲಿ ಕೂರಿಸಿದ್ದೆ ಅಂತ ಹೇಗೆ ಹೇಳುವುದು?

ಏಳನೆಯ ದಿನ ಅಕ್ಕ ಮತ್ತೆ ತೊಟ್ಟಿಗೆ ಇಳಿದಳು. ಪೈಪು ಹಿಡಿದಳು. ಏನೂ ಇಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ತೊಟ್ಟಿಗೆ ಇಳಿಯುವುದೇ ಬೇಡ ಅಂದಳು. ಕಾಲು ಮತ್ತೆ ಸತ್ತುಹೋಯಿತು, ಇನ್ನು ಏನು ಮಾಡಿದರೂ ಅಷ್ಟೇ, ನನ್ನನ್ನು ಊರಿಗೆ ಬಿಟ್ಟುಬಿಡು ಅಂತ ಮಗ್ಗುಲು ಹೊರಳಿ ಮಲಗಿದಳು. ಅಡುಗೆಮನೆಗೆ ನಡೆದು ಬರುತ್ತಿದ್ದವಳು ಎದ್ದು ಕೂರುವುದನ್ನೂ ಬಿಟ್ಟಳು.

ಜುಮ್ ಅನ್ನುವುದೇ ಔಷಧಿ ಅಂತ ನಂಬಿಸಿದವನು ನಾನು. ಈಗ ಸುಮ್ಮನಿದ್ದರೆ ಅವಳ ಕಾಲನ್ನು ಎರಡನೇ ಸಲ ಮುರಿದ ಹಾಗೆ.

ಹೇಳು ಅಂತ ನಾಗರತ್ನ ಎರಡು ದಿನ ಹೇಳಿದಳು. ಮೂರನೆಯ ದಿನ ಮಧ್ಯಾಹ್ನ ಸ್ಕೂಲಿನಿಂದ ಬಂದವನೇ ಅಕ್ಕನ ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಪಿನ್ ಕೊಯ್ದದ್ದು, ಫ್ಯೂಸ್ ದಪ್ಪ ಮಾಡಿದ್ದು, ಟೆಸ್ಟರ್ ಹತ್ತಿದ್ದು, ರಾಚಪ್ಪ ಟ್ರಿಪ್ ಸ್ವಿಚ್ಚು ಹಾಕಿದ್ದು. ಅವಳು ಸೂರು ನೋಡುತ್ತಾ ಕೇಳಿದಳು. ಮಲ್ಲೇಶನಿಗೆ ಆದದ್ದೇ ತನಗೂ ಆಗುತ್ತಿತ್ತೇ ಅಂತ ಕೇಳಿದಳು. ಹೌದು ಅಂದೆ.

"ಮೊದ್ಲ ದಿನವೇ ನಂಗೆ ಅನುಮಾನ ಬಂತು ಕಣ್ಲಾ," ಅಂದಳು. "ಕರೆಂಟಾ ಅಂತ ಕೇಳವ ಅಂತ ಬಾಯ್ಗಂಟ ಬಂತು. ನೀನು ನರ ಅಂದೆ. ಓದ್ದೋನು ನೀನು. ನನ್ ಮೈಗಿಂತ ನಿನ್ ಮಾತ್ನೇ ನಾ ನಂಬ್ದಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆವತ್ತು ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಾಗರತ್ನಳನ್ನು ಕರೆದು, ರಾಚಪ್ಪನನ್ನು ಬರಹೇಳು ಅಂದಳಂತೆ. ಅವರು ಬಂದಾಗ ಗೋಡೆ ಹಿಡಿದು ಬಚ್ಚಲವರೆಗೆ ನಡೆದು, ಆ ಟ್ರಿಪ್ ಸ್ವಿಚ್ಚು ಯಾವುದು ತೋರಿಸಿ ಅಂದಳು. ಅದು ಸರಿಯಾಗಿ ಕೆಲಸ ಮಾಡುತ್ತದೆ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದಳು. (ಇದು ನಾನು ಕೇಳಬೇಕಾಗಿದ್ದ ಪ್ರಶ್ನೆ. ನನಗೆ ಹೊಳೆದಿರಲಿಲ್ಲ.) ಅದರಲ್ಲಿ ಪುಟ್ಟದೊಂದು ಗುಂಡಿ ಇದೆ, ಒತ್ತಿದರೆ ಟಕ್ ಅಂತ ಬೀಳಬೇಕು, ಬಿದ್ದರೆ ಸರಿಯಿದೆ ಅಂತ ಅರ್ಥ ಅಂದರು ರಾಚಪ್ಪ. ಒತ್ತಿ ತೋರಿಸಲು ಅವರು ಕೈ ಎತ್ತಿದರು.

ಅಕ್ಕ ಅವರ ಕೈ ಪಕ್ಕಕ್ಕೆ ಸರಿಸಿ, ತಾನೇ ಬೆರಳು ಇಟ್ಟಳು. ಬೆರಳು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಒತ್ತಿದಳು. ಟಕ್ ಅಂತ ಬಿತ್ತು.

ಅವತ್ತು ಮತ್ತೆ ತೊಟ್ಟಿಗೆ ಇಳಿದಳು. ಆಮೇಲೆ ದಿನಾ ಅದೇ ಕ್ರಮ. ಗುಂಡಿ ಒತ್ತುವುದು ಅವಳು. ರಾಡು ಕಿತ್ತು ಹೊರಗಿಟ್ಟದ್ದನ್ನು ಕಣ್ಣಾರೆ ನೋಡುವವಳೂ ಅವಳು. ನಾನು ಸುಮ್ಮನೆ ಹೇಳಿದರೆ ನಂಬುವುದಿಲ್ಲ. ನಂಬಬಾರದು ಕೂಡ.

ಎರಡು ತಿಂಗಳಲ್ಲಿ ಕೋಲು ಊರಿಕೊಂಡು ನಡೆದಳು. ಆಮೇಲೆ ಕೋಲೂ ಬೇಡವಾಯಿತು. ಪಾದದ ಮರಗಟ್ಟುವಿಕೆ ಪೂರ್ತಿ ಹೋಗಿಲ್ಲ. ನಿಧಾನವಾಗಿ ಹೋಗುತ್ತದೆ, ಹೋಗದೆಯೂ ಇರಬಹುದು ಅಂತ ಡಾಕ್ಟರು ನೇರವಾಗಿಯೇ ಹೇಳಿದ್ದಾರೆ. ಹೋದ ವಾರ ಅಕ್ಕ ಅಜ್ಜೀಪುರಕ್ಕೆ ಹೊರಟಳು. ಕಾರು ಗೊತ್ತು ಮಾಡುತ್ತೇನೆ ಅಂದರೆ ಕೇಳಲಿಲ್ಲ, ಬಸ್ಸಿನಲ್ಲೇ ಹೋದಳು. ಜೊತೆಗೆ ನಾನು, ರಾಚಪ್ಪ.

ರಾಚಪ್ಪ ಯಾಕೆ? ಅಕ್ಕನೇ ಕರೆದದ್ದು. ಮಲ್ಲೇಶ ಸತ್ತ ಮೇಲೂ ಆ ಪಂಪ್‌ಸೆಟ್ಟು ಅದೇ ಪೆಟ್ಟಿಗೆಯಲ್ಲಿ ಓಡುತ್ತಿತ್ತು. ನಮ್ಮ ಭಾವ ಒಂದು ಒಣಕಡ್ಡಿಯಿಂದ ಸ್ವಿಚ್ ತಳ್ಳುತ್ತಿದ್ದರು. ಅದನ್ನೇ ಎಲ್ಲರೂ ಜಾಗ್ರತೆ ಅಂದುಕೊಂಡಿದ್ದರು. ರಾಚಪ್ಪ ಎರಡು ದಿನ ಅಲ್ಲೇ ಉಳಿದು ಹೊಲದಲ್ಲಿ ಅರ್ತ್ ಗುಂಡಿ ತೋಡಿಸಿದರು, ಪೆಟ್ಟಿಗೆ ಬದಲಾಯಿಸಿದರು. ಅಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತು, ಕೆಲಸ ಮುಗಿಯುವವರೆಗೂ ನೋಡಿದಳು. ಮೋಟಾರು ಚಾಲೂ ಆಗಿ ನೀರು ಬಿದ್ದಾಗ ಭಾವ ಆ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ವಾಪಸ್ ಬಂದ ಮೇಲೆ ನಾನು ಹತ್ತನೇ ಕ್ಲಾಸಿನಲ್ಲಿ ಇದನ್ನೆಲ್ಲ ಹೇಳಿದೆ. ಪಿನ್ ಕೊಯ್ದವನು ನಾನೇ ಅಂತಲೂ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, ಗೊತ್ತಿದ್ದೂ ಯಾಕೆ ಸಾರ್ ಹಾಗೆ ಮಾಡಿದಿರಿ ಅಂತ ಕೇಳಿದಳು.

ಗೊತ್ತಿರಲಿಲ್ಲ ಅನ್ನುವಂತಿಲ್ಲ. ಅವಸರವಿತ್ತು ಅನ್ನಬಹುದು. ಪ್ಲಗ್ ಹತ್ತಿರದಲ್ಲಿರಲಿಲ್ಲ ಅನ್ನಬಹುದು. ನಾಳೆ ಸರಿಮಾಡಿಸೋಣ ಅಂದುಕೊಂಡಿದ್ದೆ ಅನ್ನಬಹುದು. ಯಾವುದನ್ನೂ ಅನ್ನಲಿಲ್ಲ. ಪಾಠ ಮಾಡಿದ್ದು ಸ್ಕೂಲಿನಲ್ಲಿ, ವೈರು ಎಳೆದದ್ದು ಮನೆಯಲ್ಲಿ. ಎರಡೂ ಒಂದೇ ಕರೆಂಟು ಅಂತ ನನಗೆ ಅನಿಸಿರಲೇ ಇಲ್ಲ. ಅವಳಿಗೆ ಅಷ್ಟೇ ಹೇಳಿ, ಮನೆಗೆ ಹೋಗಿ ನೋಡಿಕೊಂಡು ಬನ್ನಿ ಅಂತ ಇಡೀ ಕ್ಲಾಸಿಗೆ ಒಂದು ಹೋಮ್‌ವರ್ಕ್ ಕೊಟ್ಟೆ. ನಿಮಗೂ ಅದನ್ನೇ ಕೊಡುತ್ತೇನೆ.

ನಿಮ್ಮ ಮನೆಯ ಬಚ್ಚಲಿಗೆ ಕರೆಂಟು ಎಲ್ಲಿಂದ ಬರುತ್ತಿದೆ?